ಮಳೆಯ ಹೆಸರು ಗೊತ್ತು, ಚಿಕ್ಕಿ ಗೊತ್ತಾ? ದಾವಣಗೆರೆ, ಚಿತ್ರದುರ್ಗದವರಿಗೆ ಆಕಾಶ ನೋಡುವ ಕೂಟದ ಕೈಪಿಡಿ

ಜಗಳೂರು ಕಡೆಯ ಒಂದು ಹೊಲದ ಕಣ. ಡಿಸೆಂಬರ್ ತಿಂಗಳು. ನಾವು ಏಳೆಂಟು ಜನ ಟೆಲಿಸ್ಕೋಪ್ ಇಟ್ಟುಕೊಂಡು ಕೂತಿದ್ದೆವು. ಮೆಕ್ಕೆಜೋಳದ ರಾಶಿ ಕಾಯಲು ಬಂದಿದ್ದ ಅಜ್ಜ ಒಬ್ಬರು ಕಂಬಳಿ ಹೊದ್ದು ಹತ್ತಿರ ಬಂದರು. ನಮ್ಮಲ್ಲೊಬ್ಬರು ಪೂರ್ವಕ್ಕೆ ಕೈ ತೋರಿಸಿ, "ಅಜ್ಜಾ, ಅಲ್ಲಿ ಕೆಂಪಗೆ ಹೊಳೀತೈತಲ್ಲ, ಅದೇ ಆರಿದ್ರಾ" ಅಂದರು. ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆರಿದ್ರಾ ಮಳೆ ಅಂತೀವಲ್ಲ, ಆ ಆರಿದ್ರಾನಾ? ಐವತ್ತು ವರ್ಷ ಈ ಹೆಸ್ರು ಹಿಡ್ಕಂಡೇ ಬಿತ್ತೀನಿ. ಚಿಕ್ಕಿ ಯಾವ್ದು ಅಂತ ಇವತ್ತು ಗೊತ್ತಾತು ನೋಡಪ್ಪ" ಅಂದರು.

ನಮ್ಮ ಎರಡೂ ಜಿಲ್ಲೆಯಲ್ಲಿ ನಕ್ಷತ್ರದ ಹೆಸರು ಗೊತ್ತಿಲ್ಲದ ರೈತರ ಮನೆ ಇಲ್ಲ. ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ ಅನ್ನುವ ಗಾದೆ ಮಕ್ಕಳಿಗೂ ಬರುತ್ತದೆ. ಆದರೆ ರೋಹಿಣಿ ಆಕಾಶದಲ್ಲಿ ಎಲ್ಲಿದೆ ಅಂದರೆ ತೋರಿಸುವವರು ಕಡಿಮೆ. ಇದಕ್ಕೆ ಕಾರಣವೂ ಇದೆ. ಸೂರ್ಯ ಒಂದು ನಕ್ಷತ್ರದ ಹತ್ತಿರ ಇರುವ ಹದಿಮೂರು ಹದಿನಾಲ್ಕು ದಿನದ ಮಳೆಗೆ ಆ ನಕ್ಷತ್ರದ ಹೆಸರು. ಆರಿದ್ರಾ ಮಳೆ ಹೂಡುವುದು ಜೂನ್ 21-22ರ ಸುಮಾರಿಗೆ. ಆಗ ಆರಿದ್ರಾ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗುತ್ತದೆ, ಕಾಣುವುದೇ ಇಲ್ಲ. ಸರಿಯಾಗಿ ಆರು ತಿಂಗಳ ಮೇಲೆ, ಡಿಸೆಂಬರ್‌ನಲ್ಲಿ, ರಾತ್ರಿಯಿಡೀ ಕಾಣುತ್ತದೆ. ಆಗ ಮಳೆಯ ಮಾತೇ ಇರಲ್ಲ. ಹೀಗೆ ಹೆಸರು ಒಂದು ಕಡೆ, ಚಿಕ್ಕಿ ಇನ್ನೊಂದು ಕಡೆ ಉಳಿದುಬಿಟ್ಟವು.

ಎರಡನ್ನೂ ಜೋಡಿಸಲು ಪಕ್ಕದಲ್ಲಿ ನಿಂತು ಬೆರಳು ತೋರಿಸುವ ಒಬ್ಬರು ಬೇಕು. ಹವ್ಯಾಸಿ ಖಗೋಳ ಕೂಟ ಅಂದರೆ ನನ್ನ ಲೆಕ್ಕದಲ್ಲಿ ಮೊದಲು ಅದು, ಟೆಲಿಸ್ಕೋಪ್ ಆಮೇಲೆ. ಇಂಥ ಕೂಟ ಹುಡುಕುವುದು, ಸೇರುವುದು, ಸಿಗದಿದ್ದರೆ ಕಟ್ಟುವುದು ಹೇಗೆ ಅಂತ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲ ಹೆಜ್ಜೆ: ಹದಿನೈದು ದಿನ ತಾರಸಿ ಮೇಲೆ

ಯಾರನ್ನೂ ಹುಡುಕುವ ಮೊದಲು, ಏನನ್ನೂ ಕೊಳ್ಳುವ ಮೊದಲು, ಒಂದು ನೋಟ್‌ಬುಕ್ ತಗೊಳ್ಳಿ. ಅಮಾಸೆ ಕಳೆದು ಎರಡನೇ ಮೂರನೇ ದಿನ ಪಶ್ಚಿಮದಲ್ಲಿ ಎಳೆ ಚಂದ್ರ ಕಾಣುತ್ತದೆ. ಅಲ್ಲಿಂದ ಹುಣ್ಣಿಮೆವರೆಗೆ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ನಿಂತು ಚಂದ್ರ ಎಲ್ಲಿದೆ, ಪಕ್ಕದಲ್ಲಿ ಯಾವ ಚಿಕ್ಕಿ ಇದೆ ಅಂತ ಗೀಚಿಡಿ. ದಿನಕ್ಕೆ ಐದು ನಿಮಿಷ ಸಾಕು. ಚಂದ್ರ ದಿನಾ ಎಷ್ಟು ಪೂರ್ವಕ್ಕೆ ಸರಿಯುತ್ತದೆ ಅಂತ ನಿಮ್ಮ ಕೈಬರಹದಲ್ಲೇ ಕಾಣುತ್ತದೆ. ದಿನಕ್ಕೊಂದು ನಕ್ಷತ್ರ ಅಂತ ಪಂಚಾಂಗದಲ್ಲಿ ಬರೆಯುತ್ತಾರಲ್ಲ, ಅದು ಯಾಕೆ ಅಂತಲೂ ತಾನಾಗಿ ಗೊತ್ತಾಗುತ್ತದೆ. ಈ ಹದಿನೈದು ದಿನ ಬೇಜಾರಿಲ್ಲದೆ ಕಳೆದರೆ ಕೂಟ ನಿಮಗೆ ಹಿಡಿಸುತ್ತದೆ.

ಎರಡನೆಯದು: ಜನ ಎಲ್ಲಿ ಸಿಗುತ್ತಾರೆ

ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿಗೆ ಜಿಲ್ಲಾ ಸಮಿತಿಗಳಿವೆ. ಗ್ರಹಣ, ಶೂನ್ಯ ನೆರಳಿನ ದಿನ (ನಡುಹಗಲಿಗೆ ನೆರಳೇ ಬೀಳದ ದಿನ) ಬಂದಾಗ ಮುಂದೆ ನಿಲ್ಲುವ ಮೇಷ್ಟ್ರುಗಳು ಹೆಚ್ಚಾಗಿ ಅಲ್ಲೇ ಪರಿಚಯ ಆಗುತ್ತಾರೆ. ನಿಮ್ಮ ಊರಿನ ಪದವಿ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ವಿಚಾರಿಸಿ. ಬೀರುವಿನಲ್ಲಿ ಧೂಳು ಹಿಡಿದ ಟೆಲಿಸ್ಕೋಪ್ ಒಂದು ಇರುವ ಸಾಧ್ಯತೆ ಜಾಸ್ತಿ, ಅದನ್ನು ಹೊರಗೆ ತೆಗೆಯಲು ಕಾಯುತ್ತಿರುವ ಒಬ್ಬ ಲೆಕ್ಚರರ್ ಕೂಡ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನ, ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನ (2023ರಲ್ಲಿ ಚಂದ್ರಯಾನ-3 ಇಳಿದ ದಿನ), ಈ ಎರಡು ದಿನ ಶಾಲಾ ಕಾಲೇಜುಗಳ ಕಾರ್ಯಕ್ರಮಕ್ಕೆ ಹೋಗಿ ಬನ್ನಿ. ಆಸಕ್ತಿ ಇರುವವರ ಮುಖ ಅಲ್ಲೇ ಗುರುತು ಸಿಗುತ್ತದೆ.

ದೊಡ್ಡ ಕೂಟಗಳ ಜೊತೆಗೂ ಒಂದು ದಾರ ಕಟ್ಟಿಕೊಂಡಿರಿ. ಪುಣೆಯ ಜ್ಯೋತಿರ್ವಿದ್ಯಾ ಪರಿಸಂಸ್ಥಾ 1944ರಿಂದ ನಡೆಯುತ್ತಿದೆ, ದೇಶದ ಹವ್ಯಾಸಿ ಕೂಟಗಳಲ್ಲೇ ಹಳೆಯದು. ಬೆಂಗಳೂರಿನಲ್ಲಿ ಬೆಂಗಳೂರು ಅಸ್ಟ್ರಾನಾಮಿಕಲ್ ಸೊಸೈಟಿ ಇದೆ, 1989ರಲ್ಲಿ ಶುರುವಾದ ಜವಾಹರಲಾಲ್ ನೆಹರು ತಾರಾಲಯ ಇದೆ. ವರ್ಷಕ್ಕೆ ಒಂದೆರಡು ಸಲ ಹೋಗಿ ಬಂದರೂ ಕಲಿಯುವುದು ಬಹಳ. ಆದರೆ ನಿಮ್ಮ ಕೂಟ ನಿಮ್ಮ ಊರಲ್ಲೇ ಇರಲಿ. ಆಕಾಶ ತಿಳಿಯಾದ ರಾತ್ರಿ ಅರ್ಧ ಗಂಟೆಯಲ್ಲಿ ಜೊತೆಯಾಗುವ ನಾಲ್ಕು ಜನ, ಬೆಂಗಳೂರಿನ ನಾನೂರು ಜನಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಊರಲ್ಲಿ ಯಾವ ಕೂಟವೂ ಕಣ್ಣಿಗೆ ಬೀಳದಿದ್ದರೆ ನೀವೇ ಶುರು ಮಾಡಿ. ಒಬ್ಬ ಮೇಷ್ಟ್ರು, ಒಬ್ಬ ರೈತ, ಕಾರು ಇರುವ ಒಬ್ಬರು, ಪ್ರಶ್ನೆ ಕೇಳುವ ಒಂದಿಬ್ಬರು ಮಕ್ಕಳು. ಅಷ್ಟು ಸಾಕು.

ಮೂರನೆಯದು: ಸೇರುವ ಮೊದಲು ಏನು ಕೇಳಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕೂಟ ಸದಸ್ಯರಿಗೆ ಏನು ಕೊಡುತ್ತದೆ ಅನ್ನುವುದರ ಮೇಲೆ ನಿಮ್ಮ ಹವ್ಯಾಸ ಒಂದು ವರ್ಷ ಬಾಳುತ್ತೋ, ಹತ್ತು ವರ್ಷ ಬಾಳುತ್ತೋ ಅನ್ನುವುದು ನಿಂತಿದೆ.

ತಿಂಗಳಿಗೆ ಒಂದು ಸಲವಾದರೂ ಬಯಲಿಗೆ ಹೋಗುತ್ತಾರಾ ಅಂತ ಮೊದಲು ಕೇಳಿ. ಬರೀ ಫೋನಿನಲ್ಲಿ ಫೋಟೋ ಕಳಿಸಿಕೊಳ್ಳುವ ಗುಂಪಾದರೆ ಅದು ಬೇರೆ ವಿಷಯ. ಆಮೇಲೆ, ಸಾಮಾನು ಎರವಲು ಕೊಡುತ್ತಾರಾ ಕೇಳಿ. ಒಳ್ಳೆಯ ಕೂಟದಲ್ಲಿ ಒಂದು ಬೈನಾಕ್ಯುಲರ್ ಇದ್ದರೆ ಅದು ವಾರಕ್ಕೊಬ್ಬರ ಮನೆಯಲ್ಲಿ ಇರುತ್ತದೆ. ಯಾರ ಹತ್ತಿರ ಇದೆ, ಯಾವತ್ತು ವಾಪಸ್ ಬರಬೇಕು ಅಂತ ಒಂದು ಪುಸ್ತಕದಲ್ಲಿ ಬರೆದಿರುತ್ತದೆ. ನಾಲ್ಕು ತರದ ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡಿದ ಮೇಲೆ ನಿಮಗೆ ಯಾವುದು ಬೇಕು ಅಂತ ನಿಮಗೇ ತಿಳಿಯುತ್ತದೆ.

ಹೊಸಬರ ಕೈಯಿಂದ ಟೆಲಿಸ್ಕೋಪ್ ತಿರುಗಿಸಲು ಬಿಡುತ್ತಾರಾ ಅನ್ನುವುದನ್ನೂ ಗಮನಿಸಿ. ಹಳಬರು ಗುರು ಗ್ರಹ ಹಿಡಿದಿಟ್ಟು, "ಬನ್ನಿ, ನೋಡಿ, ಹೋಗಿ" ಅಂತ ಸಾಲು ನಿಲ್ಲಿಸಿದರೆ ಅದು ಜಾತ್ರೆ. ಶಾಲೆ ಮಕ್ಕಳಿಗೆ ತೋರಿಸುವಾಗ ಸರಿ, ಸದಸ್ಯರಿಗೆ ಹಾಗೆ ಮಾಡಬಾರದು. ಸದಸ್ಯರು ತಾವೇ ಹುಡುಕಬೇಕು. ಅರ್ಧ ಗಂಟೆ ಒದ್ದಾಡಿ ಆಂಡ್ರೋಮಿಡಾ ಗೆಲಾಕ್ಸಿ ಹಿಡಿದಾಗ ಕಾಣುವುದು ಬರೀ ಒಂದು ಮಸುಕು ಕಲೆ. ಆದರೆ ಆ ಬೆಳಕು ಹೊರಟು 25 ಲಕ್ಷ ವರ್ಷ ಆಗಿದೆ. ಬೇರೆಯವರು ಹಿಡಿದುಕೊಟ್ಟರೆ "ಇಷ್ಟೇನಾ" ಅನ್ನಿಸುತ್ತದೆ, ತಾವೇ ಹಿಡಿದರೆ ಕಣ್ಣು ತೆಗೆಯಲು ಮನಸ್ಸು ಬರಲ್ಲ.

ಕೊನೆಗೆ, ನೋಡಿದ್ದನ್ನು ಬರೆದಿಡುತ್ತಾರಾ ಅಂತ ಕೇಳಿ. ಇದು ದೊಡ್ಡ ವಿಷಯ. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಇದೇ ಆರಿದ್ರಾ ನಕ್ಷತ್ರ ಕಣ್ಣಿಗೆ ಕಾಣುವಷ್ಟು ಮಂಕಾಯಿತು. ಮಾಮೂಲಾಗಿ ರೋಹಿಣಿಗಿಂತ ಪ್ರಕಾಶವಾಗಿರುವ ಚಿಕ್ಕಿ ಆಗ ರೋಹಿಣಿಗಿಂತ ಕಡಿಮೆ ಹೊಳೆಯುತ್ತಿತ್ತು. ಅದು ಹೊರಗೆಸೆದ ಅನಿಲ ತಣ್ಣಗಾಗಿ ಧೂಳಾಗಿ ಅಡ್ಡ ಬಂದಿದ್ದು ಕಾರಣ ಅಂತ ಆಮೇಲೆ ವಿಜ್ಞಾನಿಗಳು ಹೇಳಿದರು. ಆದರೆ ದಿನದಿನಕ್ಕೆ ಎಷ್ಟು ಮಂಕಾಯಿತು ಅನ್ನುವ ಲೆಕ್ಕದಲ್ಲಿ ಜಗತ್ತಿನ ಹವ್ಯಾಸಿಗಳು ಬರೀ ಕಣ್ಣಿಂದ ನೋಡಿ ಬರೆದದ್ದೂ ಸೇರಿದೆ. 1911ರಿಂದ ಇಂಥ ಲೆಕ್ಕ ಕೂಡಿಸುತ್ತಿರುವ ಎಎವಿಎಸ್‌ಒ ಅನ್ನುವ ಸಂಸ್ಥೆಗೆ ಯಾರು ಬೇಕಾದರೂ ಕಳಿಸಬಹುದು, ಮಾಯಕೊಂಡದಿಂದಲೂ ಕಳಿಸಬಹುದು. ಶಾಲೆ ಮಕ್ಕಳಿಗೆ ಇನ್ನೊಂದು ದಾರಿ ಇದೆ. ಐಎಎಸ್‌ಸಿ (ಇಂಟರ್‌ನ್ಯಾಷನಲ್ ಅಸ್ಟ್ರಾನಾಮಿಕಲ್ ಸರ್ಚ್ ಕೊಲಾಬರೇಷನ್) ಅನ್ನುವ ಕಾರ್ಯಕ್ರಮದಲ್ಲಿ ದೊಡ್ಡ ಟೆಲಿಸ್ಕೋಪ್ ತೆಗೆದ ಚಿತ್ರಗಳನ್ನು ಉಚಿತವಾಗಿ ಕೊಡುತ್ತಾರೆ, ಅದರಲ್ಲಿ ಮಕ್ಕಳು ಕ್ಷುದ್ರಗ್ರಹ ಹುಡುಕಬೇಕು. ಇದಕ್ಕೆ ಒಂದು ಕಂಪ್ಯೂಟರ್, ಇಂಟರ್ನೆಟ್ ಇದ್ದರೆ ಆಯಿತು.

ನಾಲ್ಕನೆಯದು: ಜಾಗ ಮತ್ತು ದಿನ

ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ ಅಮಾಸೆಗೆ ಹತ್ತಿರದ ಶನಿವಾರ ಆರಿಸಿ. ಅಮಾಸೆ ದಿನವೇ ಬೇಡ ಅನ್ನುತ್ತೇನೆ. ಅವತ್ತು ಮನೆಯಲ್ಲಿ ಪೂಜೆ ಇರುತ್ತದೆ, ಉಕ್ಕಡಗಾತ್ರಿ ಕಡೆ ರಸ್ತೆಯಲ್ಲಿ ಗಾಡಿ ಜಾಸ್ತಿ. ಅಮಾಸೆ ರಾತ್ರಿ ಮಕ್ಕಳನ್ನು ಹೊರಗೆ ಕಳಿಸಲು ಹಿರಿಯರು ಒಪ್ಪುವುದೂ ಕಷ್ಟ. ಅವರ ಜೊತೆ ವಾದ ಮಾಡುವುದಕ್ಕಿಂತ ಎರಡು ದಿನ ಆಚೀಚೆ ಮಾಡಿಕೊಳ್ಳಿ, ಆಕಾಶಕ್ಕೆ ಏನೂ ವ್ಯತ್ಯಾಸ ಆಗಲ್ಲ. ಚಂದ್ರನ ಮೇಲಿನ ಕುಳಿ, ಬೆಟ್ಟ ನೋಡಬೇಕಾದರೆ ಮಾತ್ರ ಶುಕ್ಲ ಪಕ್ಷದ ಅಷ್ಟಮಿ ಆಸುಪಾಸು ಬೇಕು. ಅದಕ್ಕೆ ದಾವಣಗೆರೆ ಪೇಟೆ ನಡುವಿನ ತಾರಸಿಯೂ ಆಗುತ್ತದೆ.

ನಮ್ಮ ಜಿಲ್ಲೆಗಳ ಭಾಗ್ಯ ಏನು ಅಂದರೆ, ಇಲ್ಲಿಂದ ಎರಡೂ ಕಡೆಯ ಆಕಾಶ ಕಾಣುತ್ತದೆ. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರದಲ್ಲಿ. ಹಾಗಾಗಿ ಧ್ರುವ ನಕ್ಷತ್ರ ಉತ್ತರದ ಅಂಚಿನಿಂದ ಅಷ್ಟೇ ಡಿಗ್ರಿ ಮೇಲಿರುತ್ತದೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದು ಸುಮಾರು 10 ಡಿಗ್ರಿ. ಅಂದರೆ ಒಂದೂವರೆ ಮುಷ್ಟಿ. ಮೇ ತಿಂಗಳ ಮಧ್ಯದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ದಕ್ಷಿಣಕ್ಕೆ ತಿರುಗಿ. ತ್ರಿಶಂಕು (ಶಿಲುಬೆ ಆಕಾರದ ನಾಲ್ಕು ಚಿಕ್ಕಿ) ಅಲ್ಲೂ ಹೆಚ್ಚುಕಡಿಮೆ ಒಂದೂವರೆ ಮುಷ್ಟಿ ಮೇಲೆ ನಿಂತಿರುತ್ತದೆ. ಒಂದೇ ಬಯಲಿನಲ್ಲಿ ನಿಂತು ಬೆನ್ನ ಹಿಂದೆ ಧ್ರುವ, ಎದುರಿಗೆ ತ್ರಿಶಂಕು. ದೆಹಲಿಯವರಿಗೆ ಈ ಸುಖ ಇಲ್ಲ. ಅದೇ ಹೊತ್ತಿಗೆ ಅದಕ್ಕಿಂತ ಮೇಲೆ ಸ್ವಲ್ಪ ಎಡಕ್ಕೆ, ಬೈನಾಕ್ಯುಲರ್‌ನಲ್ಲಿ ಹತ್ತಿ ಉಂಡೆಯಂತೆ ಕಾಣುವುದು ಒಮೆಗಾ ಸೆಂಟಾರಿ, ಲಕ್ಷಾಂತರ ನಕ್ಷತ್ರಗಳ ಗುಚ್ಛ.

ಇದರಿಂದ ಜಾಗ ಆರಿಸುವ ಒಂದು ಸೂತ್ರ ಸಿಗುತ್ತದೆ. ಊರಿನ ಬೆಳಕು ನಿಮ್ಮ ಉತ್ತರಕ್ಕಿರಲಿ, ದಕ್ಷಿಣ ತೆರೆದಿರಲಿ. ದಾವಣಗೆರೆಯವರು ಸಂತೆಬೆನ್ನೂರು, ಮಾಯಕೊಂಡ ಕಡೆ, ಚಿತ್ರದುರ್ಗದವರು ಹೊಳಲ್ಕೆರೆ, ಹೊಸದುರ್ಗ ಕಡೆ ಹೋಗುವುದು ಒಳ್ಳೆಯದು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಒಣ ಬಯಲು ಇನ್ನೂ ಒಳ್ಳೆಯದು. ಮಳೆ ಕಡಿಮೆ, ಮೋಡವೂ ಕಡಿಮೆ. ಆದರೆ ಅಲ್ಲಿ ಕುದಾಪುರದ ಸುತ್ತ ಇಸ್ರೋ, ಡಿಆರ್‌ಡಿಒ, ಬಿಎಆರ್‌ಸಿಯ ಜಾಗಗಳಿವೆ. ಆ ಬೇಲಿಗಳ ಹತ್ತಿರ ಟೆಲಿಸ್ಕೋಪ್ ಹೂಡಬೇಡಿ. ದುರ್ಗದ ಕೋಟೆ ಪುರಾತತ್ವ ಇಲಾಖೆಯದು, ಸಂಜೆ ಬಾಗಿಲು ಹಾಕುತ್ತಾರೆ. ಜೋಗಿಮಟ್ಟಿ ಅರಣ್ಯ, ಅಪ್ಪಣೆ ಇಲ್ಲದೆ ಹೋಗುವಂತಿಲ್ಲ. ವಾಣಿವಿಲಾಸ ಸಾಗರ, ಸೂಳೆಕೆರೆ ಕಡೆ ಏರಿ ಮೇಲೆ ಕೂರುವ ಆಸೆ ಬಿಡಿ. ಎಲ್ಲಕ್ಕಿಂತ ಸುಲಭ, ಸದಸ್ಯರಲ್ಲೇ ಒಬ್ಬರ ಹೊಲದ ಕಣ ಅಥವಾ ಹಳ್ಳಿ ಶಾಲೆಯ ಮೈದಾನ.

ಹೋಗುವ ಊರಿನವರಿಗೆ ಮೊದಲೇ ಹೇಳಿಡಿ. ರಾತ್ರಿ ಹನ್ನೊಂದಕ್ಕೆ ಹೊಲದಲ್ಲಿ ಅಪರಿಚಿತರು ಕೊಳವೆ ಇಟ್ಟುಕೊಂಡು ಕೂತರೆ ಯಾರಿಗಾದರೂ ದಿಗಿಲಾಗುತ್ತದೆ, ಅಲ್ವಾ? ಠಾಣೆಗೆ ಒಂದು ಫೋನ್ ಮಾಡಿ. ಊರವರನ್ನೂ ನೋಡಲು ಕರೆಯಿರಿ. ಹಾವು ಚೇಳಿನ ಭಯ ನಿಜವಾದದ್ದು. ಬೂಟು ಹಾಕಿ, ಕೂರುವ ಜಾಗವನ್ನು ಬೆಳಕಿರುವಾಗಲೇ ನೋಡಿಕೊಳ್ಳಿ. ಹೆಣ್ಣುಮಕ್ಕಳು ಬರುತ್ತಾರೆ ಅಂದರೆ ಶೌಚಾಲಯ ಇರುವ ಜಾಗವನ್ನೇ ಆರಿಸಿ, ವಾಪಸ್ ಮನೆವರೆಗೆ ಯಾರ ಗಾಡಿ ಅಂತ ಹೊರಡುವ ಮೊದಲೇ ತೀರ್ಮಾನ ಮಾಡಿ. ಇಷ್ಟು ಸಣ್ಣ ವ್ಯವಸ್ಥೆ ಇಲ್ಲದ್ದಕ್ಕೇ ಎಷ್ಟೋ ಕೂಟಗಳು ಗಂಡಸರ ಕೂಟಗಳಾಗಿ ಉಳಿದಿವೆ. ಅದು ನನಗೆ ಬೇಸರದ ವಿಷಯ.

ಐದನೆಯದು: ಮೊದಲ ರಾತ್ರಿ

ಕತ್ತಲಿಗೆ ಕಣ್ಣು ಹೊಂದಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಬ್ಬರು ಒಂದು ಸಲ ಮೊಬೈಲ್ ಬೆಳಗಿಸಿದರೆ ಎಲ್ಲರ ಅರ್ಧ ಗಂಟೆ ಹೋಯಿತು. ಟಾರ್ಚಿಗೆ ಎರಡು ಮೂರು ಪದರ ಕೆಂಪು ಗಾಜುಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಬುತ್ತಿಗೆ ಮಂಡಕ್ಕಿ ಒಳ್ಳೆಯದು. ಮಿರ್ಚಿ ತಿಂದವರು ಕೈ ತೊಳೆದು, ಪೂರ್ತಿ ಒರೆಸಿಯೇ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಮುಟ್ಟಬೇಕು. ಎಣ್ಣೆ ಬೆರಳು ಮಸೂರಕ್ಕೆ ತಾಗಿದರೆ ಒರೆಸುವುದು ದೊಡ್ಡ ಕಷ್ಟ.

ಹೊಸಬರ ಮೊದಲ ರಾತ್ರಿಯನ್ನು ಮಾರ್ಚ್ ಮಧ್ಯಕ್ಕೆ ಇಟ್ಟುಕೊಳ್ಳಿ ಅಂತ ನನ್ನ ಸಲಹೆ. ಆ ಹೊತ್ತಿಗೆ ರಾತ್ರಿ ಒಂಬತ್ತೂವರೆಗೆ ಪಶ್ಚಿಮದ ಅಂಚಿನಿಂದ ಎರಡು ಮುಷ್ಟಿ ಮೇಲೆ ಕೃತ್ತಿಕೆಯ ಗುಂಪು. ಅಲ್ಲಿಂದ ಪೂರ್ವಕ್ಕೆ ಬನ್ನಿ. ಕೆಂಪು ರೋಹಿಣಿ, ಮೂರು ಸಣ್ಣ ಚಿಕ್ಕಿಯ ಮೃಗಶಿರ, ಅದರ ಪಕ್ಕ ಸ್ವಲ್ಪ ಮೇಲೆ ಆರಿದ್ರಾ. ಮುಂದೆ ಜೋಡಿ ಚಿಕ್ಕಿ ಪುನರ್ವಸು. ಪುಷ್ಯ ಮಸುಕು, ಅಲ್ಲಿ ಬೈನಾಕ್ಯುಲರ್ ಬೇಕು. ಆಶ್ಲೇಷ, ಆಮೇಲೆ ಹೊಳೆಯುವ ಮಘೆ, ಹುಬ್ಬೆ, ಉತ್ತರೆ. ಆಗ್ನೇಯದಲ್ಲಿ ಅಂಗೈಯಂತೆ ಹಸ್ತ. ಪೂರ್ವದಲ್ಲಿ ಈಗಷ್ಟೇ ಮೇಲೆದ್ದ ಬಿಳಿ ಚಿಕ್ಕಿ ಚಿತ್ತೆ. ಮೇ ತಿಂಗಳ ಕೃತ್ತಿಕೆ ಮಳೆಯಿಂದ ಅಕ್ಟೋಬರಿನ ಚಿತ್ತೆ ಮಳೆವರೆಗೆ, ಹನ್ನೆರಡು ಮಳೆ, ಬಿತ್ತನೆಯಿಂದ ಕೊಯ್ಲಿನವರೆಗಿನ ಕಾಲ, ಒಂದೇ ಆಕಾಶದಲ್ಲಿ ಸಾಲಾಗಿ. ನಾವು ಇದನ್ನು ತೋರಿಸುವಾಗ ಹೆಸರು ಹೇಳುವ ಕೆಲಸ ಹಳ್ಳಿಯ ಹಿರಿಯರಿಗೇ ಬಿಡುತ್ತೇವೆ. ಬೆರಳು ನಮ್ಮದು, ಹೆಸರು ಅವರದು. ಹತ್ತು ನಿಮಿಷದಲ್ಲಿ ಅವರು ಮೊಮ್ಮಕ್ಕಳಿಗೆ ತಾವೇ ತೋರಿಸಲು ಶುರು ಮಾಡಿರುತ್ತಾರೆ.

ಆರನೆಯದು: ಕೊಳ್ಳುವುದು

ಮೊದಲ ಆರು ತಿಂಗಳು ಟೆಲಿಸ್ಕೋಪ್ ಕೊಳ್ಳಬೇಡಿ. ನಾನು ಮೊದಲು ಕೊಂಡದ್ದು ಆನ್‌ಲೈನ್‌ನಲ್ಲಿ, ಡಬ್ಬದ ಮೇಲೆ 525 ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ ಬರೆದಿತ್ತು. ಮಸೂರದ ಅಗಲ 60 ಮಿ.ಮೀ. ಮಾತ್ರ. ಅಷ್ಟು ಸಣ್ಣ ಮಸೂರ 120 ಪಟ್ಟಿನ ಮೇಲೆ ಏನನ್ನೂ ಸ್ಪಷ್ಟವಾಗಿ ತೋರಿಸಲಾರದು. ಸ್ಟ್ಯಾಂಡ್ ಮುಟ್ಟಿದರೆ ಚಂದ್ರ ಓಡಿಹೋಗುತ್ತಿತ್ತು. ಅದರ ಜೊತೆ ಐಪೀಸಿಗೆ ತಿರುಗಿಸಿ ಹಾಕುವ ಒಂದು ಕಪ್ಪು ಗಾಜು ಬಂದಿತ್ತು, ಸೂರ್ಯನನ್ನು ನೋಡಲು ಅಂತ. ಅಂಥದ್ದು ನಿಮ್ಮ ಡಬ್ಬದಲ್ಲಿ ಇದ್ದರೆ ಇವತ್ತೇ ಬಿಸಾಡಿ. ಸೂರ್ಯನ ಶಾಖಕ್ಕೆ ಅದು ಸೀಳಿದರೆ ಕಣ್ಣು ಹೋಗುತ್ತದೆ. ಸೂರ್ಯನ ಫಿಲ್ಟರ್ ಯಾವಾಗಲೂ ಟೆಲಿಸ್ಕೋಪಿನ ಮುಂದಿನ ಬಾಯಿಗೆ ಹಾಕುವಂಥದ್ದೇ ಇರಬೇಕು. ಬರೀ ಕಣ್ಣಿಗೆ ಐಎಸ್‌ಒ 12312-2 ಗುರುತಿರುವ ಗ್ರಹಣದ ಕನ್ನಡಕ, ಇಲ್ಲದಿದ್ದರೆ 14ನೇ ನಂಬರಿನ ವೆಲ್ಡಿಂಗ್ ಗಾಜು.

ಮೊದಲ ಖರ್ಚು 7x50 ಅಥವಾ 10x50 ಬೈನಾಕ್ಯುಲರ್ ಆಗಲಿ (ಮೊದಲ ಅಂಕಿ ಎಷ್ಟು ಪಟ್ಟು ಅಂತ, ಎರಡನೆಯದು ಮುಂದಿನ ಮಸೂರದ ಅಗಲ, ಮಿ.ಮೀ.ನಲ್ಲಿ). ಕೂಟದ ದುಡ್ಡಿನಲ್ಲಿ ಟೆಲಿಸ್ಕೋಪ್ ತರುವುದಾದರೆ ಆರು ಅಥವಾ ಎಂಟು ಇಂಚಿನ ಡಾಬ್ಸೋನಿಯನ್ ನೋಡಿ. ಮೋಟಾರು, ಕಂಪ್ಯೂಟರ್ ಏನೂ ಇಲ್ಲದ ಸರಳ ಯಂತ್ರ ಅದು, ದುಡ್ಡೆಲ್ಲ ಕನ್ನಡಿಗೆ ಹೋಗಿರುತ್ತದೆ. ಎಂಟು ಇಂಚಿನದು ಪೀಠ ಸೇರಿ ಸುಮಾರು 20 ಕಿಲೋ ತೂಗುತ್ತದೆ. ಬೈಕಿನಲ್ಲಿ ಆಗಲ್ಲ. ಕಾರಿರುವ ಒಬ್ಬರು ಬೇಕು ಅಂದೆನಲ್ಲ, ಅದು ಇದಕ್ಕೇ.

ಏಳನೆಯದು: ಮೋಡದ ತಿಂಗಳು, ಹಗಲಿನ ಕೆಲಸ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಕೈಗೆ ಸಿಗಲ್ಲ. ಕೂಟಗಳು ಒಡೆಯುವುದೂ ಆ ತಿಂಗಳುಗಳಲ್ಲೇ. ಆಗ ಯಾರದಾದರೂ ಮನೆಯಲ್ಲಿ ಸೇರಿ, ಹಿಂದಿನ ನೋಟ್‌ಬುಕ್ ತಿರುವಿ ಹಾಕಿ, ಸ್ಟೆಲೇರಿಯಂ ಅನ್ನುವ ಉಚಿತ ತಂತ್ರಾಂಶದಲ್ಲಿ ಮುಂದಿನ ಚಳಿಗಾಲದ ಆಕಾಶ ನೋಡಿಕೊಳ್ಳಿ.

ಹಗಲಿನ ಕೆಲಸಗಳಲ್ಲಿ ನನಗೆ ತುಂಬ ಇಷ್ಟವಾದದ್ದು ನೆರಳು ಅಳೆಯುವುದು. ವರ್ಷಕ್ಕೆ ಎರಡು ದಿನ ನಡುಹಗಲಿಗೆ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ, ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರಲ್ಲ. ನಮ್ಮಲ್ಲಿ ಅದು ಏಪ್ರಿಲ್ 28-29, ಆಗಸ್ಟ್ 13-14ರ ಆಸುಪಾಸು, ಮಧ್ಯಾಹ್ನ 12.20ರಿಂದ 12.35ರ ನಡುವೆ. ಬೆಂಗಳೂರಿನಲ್ಲಿ ಅದಕ್ಕಿಂತ ನಾಲ್ಕೈದು ದಿನ ಮೊದಲು, ಏಪ್ರಿಲ್ 24-25ಕ್ಕೆ. ಆ ದಿನ ಬೆಂಗಳೂರಿನ ಸ್ನೇಹಿತರಿಗೆ ಫೋನ್ ಮಾಡಿಕೊಂಡು, ದಾವಣಗೆರೆಯಲ್ಲಿ ಒಂದು ಮೀಟರ್ ಉದ್ದದ ಪಿವಿಸಿ ಪೈಪನ್ನು ಗಾರೆ ಕೆಲಸದವರ ಮಟ್ಟಗೋಲಿನಿಂದ ನೆಟ್ಟಗೆ ನಿಲ್ಲಿಸಿ. ಅಲ್ಲಿನ ನಡುಹಗಲಿಗೆ ನೆರಳು ಮಾಯ, ಇಲ್ಲಿನ ನಡುಹಗಲಿಗೆ ಉತ್ತರಕ್ಕೆ ಎರಡೂವರೆ ಸೆಂಟಿಮೀಟರ್ ನೆರಳು. ಬೆರಳಗಲಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆ ನೆರಳಿನಿಂದ ಕೋನ ತೆಗೆದರೆ ಸುಮಾರು ಒಂದೂವರೆ ಡಿಗ್ರಿ ಬರುತ್ತದೆ. ಎರಡು ಊರಿನ ನಡುವೆ ನೇರ ಉತ್ತರ ದಕ್ಷಿಣ ದೂರ ಸುಮಾರು 165 ಕಿ.ಮೀ. ಒಂದೂವರೆ ಡಿಗ್ರಿಗೆ 165 ಆದರೆ 360 ಡಿಗ್ರಿಗೆ ಎಷ್ಟು? ಭೂಮಿಯ ಸುತ್ತಳತೆ, ಸುಮಾರು 40,000 ಕಿ.ಮೀ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಈ ಲೆಕ್ಕ ಮುಗಿಸಿ, ಸ್ಕೇಲನ್ನು ಮತ್ತೆ ನೆರಳಿನ ಪಕ್ಕ ಇಟ್ಟು ನೋಡಿದಳು. ಅಷ್ಟು ಸಣ್ಣ ಗೆರೆಯಿಂದ ಇಡೀ ಭೂಮಿ ಬಂದಿದ್ದು ಅವಳಿಗೆ ನಂಬಲು ಆಗಿರಲಿಲ್ಲ.

ಇನ್ನು ದುಡ್ಡು ಮತ್ತು ಕಾಗದ

ಶುರುವಿನಲ್ಲಿ ತಿಂಗಳಿಗೆ ಐವತ್ತೋ ನೂರೋ ಹಾಕಿ, ವಿದ್ಯಾರ್ಥಿಗಳಿಗೆ ಏನೂ ಬೇಡ. ಲೆಕ್ಕ ಎಲ್ಲರಿಗೂ ಕಾಣುವಂತಿರಲಿ. ಎರಡು ಚಳಿಗಾಲ ಕೂಟ ಉಳಿದರೆ ಆಗ ನೋಂದಣಿ ಯೋಚನೆ ಮಾಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಇದ್ದರೆ ಆಗುತ್ತದೆ. ಶಾಲೆ ಮೈದಾನಕ್ಕೆ ಅನುಮತಿ ಕೇಳುವಾಗ, ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯುವಾಗ ಅದು ಉಪಯೋಗಕ್ಕೆ ಬರುತ್ತದೆ.

ಮುಂದಿನ ದೊಡ್ಡ ದಿನಗಳನ್ನು ಈಗಲೇ ಬರೆದಿಟ್ಟುಕೊಳ್ಳಿ. ಪ್ರತಿ ವರ್ಷ ಡಿಸೆಂಬರ್ 13-14ರ ರಾತ್ರಿ ಮಿಥುನ ರಾಶಿಯ ಕಡೆಯಿಂದ ಬರುವ ಉಲ್ಕೆಗಳು. 2027ರ ಆಗಸ್ಟ್ 2ರ ಸಂಜೆ ಪಾರ್ಶ್ವ ಸೂರ್ಯಗ್ರಹಣ, ಮೋಡ ಬಿಟ್ಟರೆ. ಆಮೇಲೆ 2028ರ ಡಿಸೆಂಬರ್ 31. ಅವತ್ತು ರಾತ್ರಿ ಹತ್ತೂಕಾಲು ಹತ್ತೂವರೆಯ ಹೊತ್ತಿಗೆ ಪೂರ್ಣ ಚಂದ್ರಗ್ರಹಣ ಪೂರ್ವದ ಆಕಾಶದಲ್ಲಿ ಎತ್ತರಕ್ಕೆ ಇರುತ್ತದೆ, ಕೆಂಪು ಚಂದ್ರನಿಂದ ಸುಮಾರು ಒಂದೂವರೆ ಮುಷ್ಟಿ ದೂರದಲ್ಲಿ ಪುನರ್ವಸುವಿನ ಜೋಡಿ ಚಿಕ್ಕಿ. ಹೊಸ ವರ್ಷದ ರಾತ್ರಿ ಎಲ್ಲರಿಗೂ ಬೇರೆ ಬೇರೆ ಕರೆ ಇರುತ್ತದೆ. ನಮ್ಮ ಕೂಟದವರಿಗೆ ಈಗಲೇ ಹೇಳಿದ್ದೇನೆ, ಅವತ್ತು ಎಲ್ಲರೂ ಜಗಳೂರಿನ ಆ ಕಣಕ್ಕೇ ಹೋಗುವುದು, ಅಜ್ಜನನ್ನೂ ಕರೆಯುವುದು ಅಂತ.